ಮೂವತ್ತು ಅಡಿ ರಸ್ತೆಯಲ್ಲಿ ಆರು ಅಡಿ ಯಾರಿಗೆ? ಬಡಾವಣೆಗೆ ಫುಟ್‌ಪಾತ್ ಆರಿಸುವ ಬಗೆ

ನಮ್ಮದು ಹಾಸನದ ಸಾಲಗಾಮೆ ರಸ್ತೆಯಿಂದ ಒಳಗೆ ಸರಿದ ಬಡಾವಣೆ. ನಾವು ಮನೆ ಕಟ್ಟಿದಾಗ ಈ ರಸ್ತೆಯಲ್ಲಿ ಇದ್ದದ್ದು ಆರೇ ಮನೆ. ಮಿಕ್ಕಿದ್ದೆಲ್ಲ ಆಲೂಗಡ್ಡೆ, ಮುಸುಕಿನ ಜೋಳ ಬೆಳೆಯುತ್ತಿದ್ದ ಹೊಲ. ಆಗ ನಡೆಯಲು ಜಾಗ ಎಲ್ಲಿ ಅಂತ ಯಾರೂ ಕೇಳಲಿಲ್ಲ. ರಸ್ತೆಯಲ್ಲೇ ಮಕ್ಕಳು ಲಗೋರಿ ಆಡುತ್ತಿದ್ದರು, ರಸ್ತೆಯಲ್ಲೇ ಹಪ್ಪಳ ಒಣಗುತ್ತಿತ್ತು. ಈಗ ಎರಡೂ ಕಡೆ ಮನೆ ತುಂಬಿವೆ. ಎರಡು ಪಿಜಿ ಬಂದಿವೆ, ಬೆಳಗ್ಗೆ ಏಳೂವರೆಗೆ ಐದು ಶಾಲಾ ವ್ಯಾನು, ಬೇಸಿಗೆಯಲ್ಲಿ ನೀರಿನ ಟ್ಯಾಂಕರು, ದಿನವಿಡೀ ಡೆಲಿವರಿ ಹುಡುಗರ ಬೈಕು. ಎದುರು ಮನೆಯ ಅಜ್ಜಿ ಬೆಳಗಿನ ಜಾವ ಹಾಲಿನ ಬೂತಿಗೆ ಹೋಗುವಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು. ಹಾಲಿನ ಚೀಲ ಹೆಗಲಿಗೆ.

ಹೋದ ವರ್ಷ ವಾರ್ಡಿನ ಎಂಜಿನಿಯರು ಬಂದು, ಫುಟ್‌ಪಾತ್‌ಗೆ ಅನುದಾನ ಬರುವ ಹಾಗಿದೆ, ನಿಮ್ಮ ಸಂಘದವರು ಸ್ಲ್ಯಾಬ್ ಬೇಕೋ ಬ್ಲಾಕ್ ಬೇಕೋ ಹೇಳಿ ಅಂದರು. ಭಾನುವಾರ ಸಭೆ ಸೇರಿತು. ಒಂದೂವರೆ ಗಂಟೆ ಮಾತಾಡಿದ್ದು ಬ್ಲಾಕು ಕೆಂಪಿರಬೇಕೋ ಹಳದಿಯೋ ಅಂತ! ಕಾಫಿ ಕುಡಿದು ಎದ್ದರು. ಆಮೇಲೆ ನಾನೂ ಇನ್ನಿಬ್ಬರೂ ಟೇಪು ಹಿಡಿದು ಊರಿನ ಐದಾರು ಬಡಾವಣೆ ಸುತ್ತಿದೆವು. ಚಿಕ್ಕಮಗಳೂರಿಗೆ ತಂಗಿ ಮನೆಗೆ ಹೋದಾಗ ಅಲ್ಲೂ ನೋಡಿಕೊಂಡು ಬಂದೆ. ಕಂಡದ್ದು, ಅಳೆದದ್ದು, ನಮ್ಮ ಮೇಸ್ತ್ರಿ ಹೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಹಾಸನ ನಗರಸಭೆ ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿದೆ, ಸುತ್ತಲಿನ ಹಳ್ಳಿಗಳೂ ಅದರೊಳಗೆ ಬಂದಿವೆ. ಇದೇ ಪ್ರಶ್ನೆ ಇನ್ನು ತುಂಬ ಬಡಾವಣೆಗಳ ಬಾಗಿಲಿಗೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇಲೆ ಏನು ಹಾಸುತ್ತೀರಿ ಅನ್ನುವುದು ಕೊನೆಯ ಪ್ರಶ್ನೆ. ಯಾವ ಬದಿಗೆ, ಎಷ್ಟು ಅಗಲ, ಗೇಟಿನ ಮುಂದೆ ಯಾವ ಮಟ್ಟ, ಈ ಮೂರು ತೀರ್ಮಾನವಾಗದೆ ಬಣ್ಣದ ಮಾತಿಗೆ ಹೋದರೆ ದುಡ್ಡು ಚರಂಡಿಗೆ ಹೋದ ಹಾಗೆ. ನಾನು ನೋಡಿದ ಹಾಳು ಫುಟ್‌ಪಾತ್‌ಗಳಲ್ಲಿ ಕಲ್ಲು ಕೆಟ್ಟದ್ದಾಗಿ ಹಾಳಾದದ್ದು ಕಡಿಮೆ, ಮಟ್ಟ ಕೆಟ್ಟು ಹಾಳಾದದ್ದೇ ಹೆಚ್ಚು.

ಮೊದಲು ಸುಣ್ಣದ ಗೆರೆ

ಒಂದು ಭಾನುವಾರ ಬೆಳಗ್ಗೆ ಎರಡು ಕೆಜಿ ಸುಣ್ಣದ ಪುಡಿ ತನ್ನಿ. ಕಾಂಪೌಂಡಿನಿಂದ ಆರು ಅಡಿ ಅಳೆದು, ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ರಸ್ತೆಯುದ್ದಕ್ಕೂ ಗೆರೆ ಎಳೆಯಿರಿ. ಆರೇ ಅಡಿ ಏಕೆಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿ ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಬೇಕು ಅನ್ನುತ್ತದೆ. ವಾಣಿಜ್ಯ ಪ್ರದೇಶವಾದರೆ 2.5 ಮೀಟರ್. ಇದರಲ್ಲಿ ಮುಖ್ಯವಾದ ಪದ ಅಡೆತಡೆಯಿಲ್ಲದ ಅನ್ನುವುದು. ಆರು ಅಡಿ ಹಾಸಿ ನಡುವೆ ಲೈಟು ಕಂಬ ನಿಲ್ಲಿಸಿದರೆ ಉಳಿಯುವುದು ಎರಡೂವರೆ ಅಡಿಯ ಎರಡು ಸಂದು.

ನಾವು ಗೆರೆ ಎಳೆದು ಅದರೊಳಗೆ ಏನೇನು ಸಿಕ್ಕಿಬಿತ್ತು ಅಂತ ಪಟ್ಟಿ ಮಾಡಿದೆವು. ಗೇಟಿನ ಮುಂದಿನ ಇಳಿಜಾರು ಹದಿನೇಳು, ಕರೆಂಟು ಕಂಬ ಆರು, ಮೂರು ಹೊಂಗೆ ಮರ, ಒಂದು ಟ್ರಾನ್ಸ್‌ಫಾರ್ಮರು, ಒಳಚರಂಡಿಯ, ಅಂದರೆ ಯುಜಿಡಿಯ, ಚೇಂಬರು ಒಂಬತ್ತು (ಅದರಲ್ಲಿ ನಾಲ್ಕು ನೆಲಕ್ಕಿಂತ ಮೇಲೆ ಎದ್ದಿವೆ), ಒಂದು ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎರಡು. ಆ ಒಗೆಯುವ ಕಲ್ಲಿನಲ್ಲಿ ಒಂದು ನಮ್ಮ ಮನೆಯದೇ. ಪಟ್ಟಿ ಓದಿದಾಗ ನಗುತ್ತಿದ್ದ ನಾನು ಆ ಸಾಲಿಗೆ ಬಂದಾಗ ಸುಮ್ಮನಾದೆ.

ಈ ಪಟ್ಟಿಯೇ ನಿಮ್ಮ ಅರ್ಧ ಎಸ್ಟಿಮೇಟು. ಯಾವ ಬದಿಗೆ ಕಂಬ ಕಡಿಮೆ, ಯಾವ ಬದಿಯವರು ಇಳಿಜಾರು ಒಳಗೆ ಎಳೆದುಕೊಳ್ಳಲು ಒಪ್ಪುತ್ತಾರೆ, ಎಲ್ಲ ಅದರಲ್ಲೇ ಕಾಣುತ್ತದೆ.

ಎರಡೂ ಬದಿಯೋ, ಒಂದೇ ಬದಿಯೋ

ಸಭೆಯಲ್ಲಿ ಎಲ್ಲರ ಬಾಯಲ್ಲಿ ಬರುವುದು ಎರಡೂ ಬದಿ. ನ್ಯಾಯ ಅಂದರೆ ಎಲ್ಲರ ಮನೆ ಮುಂದೂ ಇರಬೇಕು ಅನ್ನುವ ಲೆಕ್ಕ. ಈಗ ರಸ್ತೆಯ ಲೆಕ್ಕ ನೋಡಿ.

ಮೂವತ್ತು ಅಡಿ ರಸ್ತೆ ಅಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ ಮೂವತ್ತು. ಎರಡೂ ಬದಿ ಚರಂಡಿ ಮುಚ್ಚಿ ಆರಾರು ಅಡಿ ಕೊಟ್ಟರೆ ವಾಹನಕ್ಕೆ ಉಳಿಯುವುದು ಹದಿನೆಂಟು. ಒಂದು ಕಡೆ ಕಾರು ನಿಂತರೆ ಹನ್ನೆರಡು. ಎದುರಿನಿಂದ ಶಾಲಾ ವ್ಯಾನು ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು, ಹಿಂದಕ್ಕೆ ಹೋಗಲು ಮನಸ್ಸಿಲ್ಲದವನು ಫುಟ್‌ಪಾತ್ ಮೇಲೆ ಹತ್ತಿಸುತ್ತಾನೆ. ಒಂದೇ ಬದಿಗೆ ಆರು ಅಡಿ ಕೊಟ್ಟು ಇನ್ನೊಂದು ಬದಿಗೆ ಎರಡು ಅಡಿ ಚರಂಡಿ ಬಿಟ್ಟರೆ ವಾಹನಕ್ಕೆ ಇಪ್ಪತ್ತೆರಡು ಅಡಿ ಉಳಿಯುತ್ತದೆ. ಕಾರು ನಿಂತ ಮೇಲೂ ಹದಿನಾರು. ಎರಡು ವಾಹನ ನಿಧಾನಕ್ಕೆ ಪಕ್ಕಪಕ್ಕ ದಾಟುತ್ತವೆ.

ಎರಡೂ ಬದಿ ಅಂತ ಹಟ ಹಿಡಿದ ಕಡೆ ಆಗುವುದೇನು ಗೊತ್ತೆ? ಅಗಲ ಹಂಚಿಹೋಗಿ ಮೂರು ಮೂರು ಅಡಿ ಆಗುತ್ತದೆ. ಮೂರು ಅಡಿಯಲ್ಲಿ ಕಂಬವೂ ಇರುತ್ತದೆ. ಯಾರೂ ಹತ್ತುವುದಿಲ್ಲ. ಅದರ ಮೇಲೆ ಹೂಕುಂಡ ಕೂರುತ್ತವೆ, ಸ್ಕೂಟರು ನಿಲ್ಲುತ್ತವೆ, ಮನೆ ಕಟ್ಟುವವರ ಜಲ್ಲಿ ಬೀಳುತ್ತದೆ. ಜನ ಮತ್ತೆ ರಸ್ತೆಯಲ್ಲೇ ನಡೆಯುತ್ತಾರೆ, ಆದರೆ ಆ ರಸ್ತೆ ಈಗ ಮೊದಲಿಗಿಂತ ಸಣ್ಣದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೂವತ್ತು ಅಡಿಯಲ್ಲಿ ಒಂದೇ ಬದಿ, ಎಲ್ಲೂ ತುಂಡಾಗದೆ ಮೂಲೆಯಿಂದ ಮೂಲೆಗೆ. ನಲವತ್ತು ಅಡಿಯಲ್ಲಿ ಎರಡೂ ಬದಿ ಧಾರಾಳವಾಗಿ ಹಿಡಿಸುತ್ತದೆ, ಹನ್ನೆರಡು ಕಳೆದರೂ ಇಪ್ಪತ್ತೆಂಟು ಉಳಿಯುತ್ತದೆ. ಅಲ್ಲಿ ಒಂದೇ ಬದಿ ಸಾಕು ಅನ್ನುವ ಎಂಜಿನಿಯರನ್ನು ಬಿಡಬೇಡಿ. ಅರವತ್ತಡಿ ಮುಖ್ಯ ರಸ್ತೆಯ ಬಗ್ಗೆ ಚರ್ಚೆಯೇ ಬೇಕಿಲ್ಲ.

ಒಂದೇ ಬದಿಯಾದರೆ ಯಾವ ಬದಿ? ಶಾಲೆ, ಹಾಲಿನ ಬೂತು, ಬಸ್ ಸ್ಟಾಪು ಯಾವ ಬದಿಗಿದೆಯೋ ಅದು ಮೊದಲ ಆಯ್ಕೆ. ಕಂಬ ಇಲ್ಲದ ಬದಿ ಎರಡನೆಯದು. ಕಂಬ ಪಕ್ಕಕ್ಕೆ ಸರಿಸಲು ವಿದ್ಯುತ್ ಕಂಪನಿ ಚೆಸ್ಕಾಂಗೆ ಅರ್ಜಿ ಕೊಟ್ಟು ಎಸ್ಟಿಮೇಟು ಹಾಕಿಸಿ ದುಡ್ಡು ಕಟ್ಟಬೇಕು, ಒಂದೆರಡಾದರೆ ಸರಿ, ಆರಾದರೆ ಫುಟ್‌ಪಾತ್‌ನ ದುಡ್ಡೆಲ್ಲ ಕಂಬಕ್ಕೇ ಹೋಗುತ್ತದೆ. ಮೂರನೆಯದು ನೆರಳು. ಪೂರ್ವ–ಪಶ್ಚಿಮ ರಸ್ತೆಯಾದರೆ ದಕ್ಷಿಣದ ಕಡೆಯ ಬದಿಗೆ ಅಲ್ಲಿನ ಮನೆಗಳದೇ ನೆರಳು ಸ್ವಲ್ಪವಾದರೂ ಬೀಳುತ್ತದೆ. ಸಿಗದ ಬದಿಯವರು ಮುನಿಸಿಕೊಳ್ಳುತ್ತಾರೆ. ನಮ್ಮಲ್ಲಂತೂ ಸಿಕ್ಕ ಬದಿಯವರೇ ಮುನಿಸಿಕೊಂಡರು, ಕಾರು ನಿಲ್ಲಿಸಲು ಜಾಗ ಹೋಯಿತು ಅಂತ.

ಗೇಟಿನ ಮುಂದೆ ಬಗ್ಗುವವರು ಯಾರು

ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಏಕೆಂದರೆ ಯಾವ ಎಸ್ಟಿಮೇಟಿನಲ್ಲೂ ಇದು ಒಂದು ಸಾಲಾಗಿ ಬರುವುದಿಲ್ಲ.

ನಮ್ಮಲ್ಲಿ ಮನೆ ಕಟ್ಟುವಾಗ ಮಳೆ ನೀರು ಒಳಗೆ ಬರಬಾರದು ಅಂತ ರಸ್ತೆಗಿಂತ ಎರಡು ಮೂರು ಅಡಿ ಎತ್ತರಿಸುತ್ತೇವೆ. ಕಾರು ಒಳಗೆ ಹತ್ತಬೇಕಲ್ಲ, ಗೇಟಿನಿಂದ ಹೊರಕ್ಕೆ ನಾಲ್ಕೈದು ಅಡಿ ಇಳಿಜಾರು ಎಳೆಯುತ್ತೇವೆ. ಆ ಇಳಿಜಾರು ನಿಂತಿರುವುದು ಸಾರ್ವಜನಿಕ ರಸ್ತೆಯ ಮೇಲೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಹೀಗೆ ಸಾಲಾಗಿ ಹದಿನೇಳು ಇಳಿಜಾರಿರುವ ಬದಿಯಲ್ಲಿ ಫುಟ್‌ಪಾತ್ ಮಾಡಲು ಮೂರು ದಾರಿ ಇವೆ.

ಒಂದು, ಈಗಿರುವ ಇಳಿಜಾರುಗಳನ್ನು ಹಾಗೇ ಬಿಟ್ಟು ನಡುವಿನ ತುಂಡುಗಳನ್ನು ಮಾತ್ರ ಹಾಸುವುದು. ಗುತ್ತಿಗೆದಾರರಿಗೆ ಇದೇ ಇಷ್ಟ, ಜಗಳ ಇಲ್ಲ. ಆದರೆ ನಡೆಯುವವರು ಹದಿನೇಳು ಸಲ ಹತ್ತಿ ಇಳಿಯಬೇಕು. ಆ ಅಜ್ಜಿ ಒಂದು ಸಲವೂ ಹತ್ತುವುದಿಲ್ಲ.

ಎರಡು, ಪ್ರತಿ ಗೇಟಿನ ಮುಂದೆ ಫುಟ್‌ಪಾತನ್ನೇ ರಸ್ತೆ ಮಟ್ಟಕ್ಕೆ ಇಳಿಸಿ ಮತ್ತೆ ಏರಿಸುವುದು. ಎಷ್ಟೋ ಬಡಾವಣೆಗಳಲ್ಲಿ ಹೀಗೇ ಆಗಿದೆ. ನೋಡಲು ಅಲೆ ಅಲೆಯಾಗಿರುತ್ತದೆ. ಮನೆ ಅಗಲ ಮೂವತ್ತು ಅಡಿ, ಗೇಟು ಹತ್ತು ಅಡಿ, ಎರಡೂ ಕಡೆ ಇಳಿಜಾರು ಮೂರು ಮೂರು ಅಡಿ. ಸಮನಾದ ನೆಲ ಸಿಗುವುದು ಹದಿನಾಲ್ಕು ಅಡಿ, ಅದೂ ಮಕ್ಕಳ ಗಾಡಿ ತಳ್ಳಿದರೆ ತೊಟ್ಟಿಲು ತೂಗಿದ ಹಾಗೆ.

ಮೂರು, ಫುಟ್‌ಪಾತ್ ತನ್ನ ಮಟ್ಟದಲ್ಲೇ ನೇರ ಹೋಗುತ್ತದೆ, ಏರುವುದು ಇಳಿಯುವುದು ಕಾರು. ರಸ್ತೆ ಕಡೆಯ ಅಂಚಿನಲ್ಲಿ ಮಾತ್ರ ಒಂದೂವರೆ ಅಡಿಯ ಓರೆ ಕಲ್ಲು, ಅದರಲ್ಲಿ ಕಾರು ಹತ್ತುತ್ತದೆ. ಮೇಲೆ ನಾಲ್ಕೂವರೆ ಅಡಿ ಸಮತಟ್ಟಾಗಿ ಉಳಿಯುತ್ತದೆ. ಮನೆಗೆ ಬೇಕಾದ ಮಿಕ್ಕ ಏರು ಗೇಟಿನ ಒಳಗೆ. ಗೇಟಿನ ಮುಂದೆ 1.8 ಮೀಟರ್ ಪೂರ್ತಿ ಸಿಗುವುದಿಲ್ಲ ನಿಜ, ಆದರೆ ಕಾಲಿಗೆ ಏರಿಳಿತ ಇಲ್ಲ.

ನಮ್ಮ ಓಟು ಮೂರನೆಯದಕ್ಕೆ. ಇದಕ್ಕೆ ಎರಡು ಷರತ್ತು. ಅಂಚಿನ ಕರ್ಬ್ ಕಲ್ಲು ಎತ್ತರವಾಗಿರಬಾರದು. ಐಆರ್‌ಸಿ ಹೇಳುವ ಗರಿಷ್ಠ 150 ಮಿಲಿಮೀಟರ್, ಅಂದರೆ ಅರ್ಧ ಅಡಿ. ಒಳರಸ್ತೆಗೆ ನಾಲ್ಕು ಇಂಚು ಸಾಕು, ಕಾರಿನ ಹೊಟ್ಟೆ ಉಜ್ಜುವುದಿಲ್ಲ. ಇನ್ನೊಂದು, ಮನೆಯವರು ಹೊರಗಿನ ಇಳಿಜಾರು ಒಡೆದು ಗೇಟಿನ ಒಳಗೆ ಮಾಡಿಕೊಳ್ಳಬೇಕು. ಇಲ್ಲೇ ಮಾತು ಬಿಗಿಯಾಗುವುದು. "ಮೇಡಂ, ಇಳಿಜಾರು ಒಡೆದರೆ ನನ್ನ ಕಾರು ಮನೆಗೆ ಬರೋದು ಹೆಂಗೆ? ಎತ್ತಿ ತರಲಾ?" ಅಂತ ಒಬ್ಬರು ಕೇಳಿದರು. ಮೇಸ್ತ್ರಿ ಅವರ ಗೇಟಿನ ಬಳಿ ಮಟ್ಟ ನೋಡುವ ಟ್ಯೂಬ್ ಲೆವೆಲ್ ಹಿಡಿದು ತೋರಿಸಿದ. ಒಳಗೆ ಹದಿನಾಲ್ಕು ಅಡಿ ಜಾಗ ಇತ್ತು, ಏರಬೇಕಾದದ್ದು ಹದಿನಾರು ಇಂಚು. ಆರಾಮಾಗಿ ಹತ್ತುತ್ತದೆ. ಟೈಲ್ಸ್ ಒಡೆಯಬೇಕಲ್ಲ ಅನ್ನುವುದೇ ಅವರ ಸಂಕಟ, ಅದು ನಿಜವಾದ ಸಂಕಟವೇ. ಗೇಟು ದಾಟಿದ ಕೂಡಲೇ ಮೆಟ್ಟಿಲಿರುವ ಸಣ್ಣ ಸೈಟಿನವರಿಗೆ ಈ ದಾರಿ ಆಗುವುದಿಲ್ಲ. ಅಂಥ ಒಂದೆರಡು ಗೇಟಿನ ಮುಂದೆ ಎರಡನೆಯ ದಾರಿ, ಉದ್ದನೆಯ ಮೆಲ್ಲನೆ ಇಳಿಜಾರಿನೊಂದಿಗೆ. ಗಾಲಿಕುರ್ಚಿ ಹೋಗಬೇಕಾದರೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು. ನಾಲ್ಕು ಇಂಚಿನ ಕರ್ಬಿಗೆ ನಾಲ್ಕು ಅಡಿ. ಮೂಲೆಗಳಲ್ಲಿ, ರಸ್ತೆ ದಾಟುವ ಕಡೆ ಎಲ್ಲ ಇದೇ ಲೆಕ್ಕ.

ಪರೀಕ್ಷೆ ಬೇಕೆಂದರೆ ಗ್ಯಾಸ್ ಸಿಲಿಂಡರಿನವನನ್ನು ನೋಡಿ. ತಳ್ಳುಗಾಡಿಯಲ್ಲಿ ತುಂಬಿದ ಸಿಲಿಂಡರು ಇಟ್ಟುಕೊಂಡು ಅವನು ಫುಟ್‌ಪಾತ್ ಮೇಲೆ ಬಂದರೆ ಆ ಫುಟ್‌ಪಾತ್ ಪಾಸು. ಕೆಳಗಿಳಿದು ರಸ್ತೆಯಲ್ಲಿ ತಳ್ಳಿದರೆ ಫೇಲು.

ಈಗ ಹಾಸುವ ಮಾತು

*ಚರಂಡಿ ಮೇಲಿನ ಸ್ಲ್ಯಾಬ್.* ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಇದೇ. ಚರಂಡಿ ಹೇಗೂ ಮುಚ್ಚಬೇಕು, ಮುಚ್ಚಿದ್ದೇ ಫುಟ್‌ಪಾತ್ ಅಂತ ಒಂದೇ ಏಟಿಗೆ ಎರಡು ಕೆಲಸ. ತಪ್ಪಲ್ಲ. ಎರಡು ತೊಂದರೆ ಇವೆ. ಚರಂಡಿ ಎರಡು ಅಡಿಯದ್ದಾದರೆ ಫುಟ್‌ಪಾತೂ ಎರಡೇ ಅಡಿ, ಪಕ್ಕದಲ್ಲಿ ನಾಲ್ಕು ಅಡಿ ಬ್ಲಾಕೋ ಕಾಂಕ್ರೀಟೋ ಸೇರಿಸದಿದ್ದರೆ ಅದು ಹೆಸರಿಗಷ್ಟೇ. ಇನ್ನೊಂದು ಹೂಳು. ಮೂರು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಇಂಚು ದಪ್ಪದ ಒಂದು ಸ್ಲ್ಯಾಬು ನೂರಮೂವತ್ತು ಕೆಜಿ ಮೇಲಾಗುತ್ತದೆ. ಪೌರಕಾರ್ಮಿಕರು ಅದನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಎತ್ತಲಾಗದೆ ಹಾರೆ ಹಾಕಿ ಮಗುಚುತ್ತಾರೆ, ಮೂಲೆ ಒಡೆಯುತ್ತದೆ, ವಾಪಸ್ ಕೂತದ್ದು ಅಲುಗಾಡುತ್ತದೆ. ಮೇಲೆ ನಡೆದಾಗ ದಡಬಡ ಶಬ್ದ ಬರುವುದು ಇದಕ್ಕೇ.

ಹಾಗಾಗಿ ಸ್ಲ್ಯಾಬ್ ಆರಿಸಿದರೆ ಹೀಗೆ ಕೇಳಿ. ಎಲ್ಲವನ್ನೂ ಬಿಡಿ ಸ್ಲ್ಯಾಬ್ ಮಾಡಬೇಡಿ, ಹೆಚ್ಚಿನ ಭಾಗ ಅಲ್ಲೇ ಎರಕ ಹಾಕಿ, ಹದಿನೈದು ಇಪ್ಪತ್ತು ಅಡಿಗೊಂದು ಕಡೆ ಮಾತ್ರ ಇಬ್ಬರು ಎತ್ತುವಷ್ಟು ಸಣ್ಣ ಮುಚ್ಚಳ ಇಡಿ. ಎತ್ತುವ ಕಬ್ಬಿಣದ ಕೊಕ್ಕೆ ಗುಳಿಯೊಳಗೆ ಮಲಗಿರಬೇಕು, ಮೇಲೆ ನಿಂತಿರಬಾರದು. ಇನ್ನೊಂದು ಬಡಾವಣೆಯಲ್ಲಿ ಆ ಕೊಕ್ಕೆಗೆ ಚಪ್ಪಲಿ ಸಿಕ್ಕಿ ನಾನೇ ಮುಗ್ಗರಿಸಿದ್ದೇನೆ. ಮೊಣಕಾಲಿನ ಗಾಯ ವಾಸಿಯಾಗಲು ಹದಿನೈದು ದಿನ. ಮಳೆ ನೀರು ರಸ್ತೆಯಿಂದ ಚರಂಡಿಗೆ ಇಳಿಯಲು ಅಂಚಿನಲ್ಲಿ ಕಿಂಡಿ ಬಿಡದೆ ಮುಚ್ಚಿದರೆ ಮೊದಲ ಮುಂಗಾರು ಮಳೆಗೇ ರಸ್ತೆ ಹೊಳೆಯಾಗುತ್ತದೆ.

*ಇಂಟರ್‌ಲಾಕ್ ಬ್ಲಾಕ್.* ನನಗೆ ಇಷ್ಟವಾದದ್ದು ಇದು, ಬಣ್ಣಕ್ಕಲ್ಲ. ಬೆಳೆಯುತ್ತಿರುವ ಬಡಾವಣೆಯಲ್ಲಿ ನೆಲ ಅಗೆಯುವುದು ನಿಲ್ಲುವುದೇ ಇಲ್ಲ. ಹೊಸ ಮನೆಗೆ ನೀರಿನ ಸಂಪರ್ಕ, ಯುಜಿಡಿ ಜೋಡಣೆ, ಫೈಬರ್ ಕೇಬಲ್, ಮತ್ತೆ ಇನ್ನೊಂದು ಕಂಪನಿಯ ಫೈಬರ್ ಕೇಬಲ್. ಕಾಂಕ್ರೀಟಾದರೆ ಒಡೆದದ್ದು ತೇಪೆಯಾಗಿ ಉಳಿಯುತ್ತದೆ. ಬ್ಲಾಕಾದರೆ ತೆಗೆದು, ಕೆಲಸ ಮುಗಿಸಿ, ಅದನ್ನೇ ಮತ್ತೆ ಜೋಡಿಸಬಹುದು. ಜೋಡಿಸುತ್ತಾರೆಯೇ ಅನ್ನುವುದು ಬೇರೆ ಪ್ರಶ್ನೆ. ಮೂವತ್ತು ಬ್ಲಾಕು ತೆಗೆದ ಕಡೆ ಇಪ್ಪತ್ತೆಂಟು ಮರಳುತ್ತವೆ, ಎರಡು ಯಾರದೋ ಗ್ಯಾಸ್ ಕಟ್ಟೆ ಕೆಳಗೆ ಸೇರುತ್ತವೆ. ಕೆಲಸ ಮುಗಿದ ದಿನವೇ ನೂರಿನ್ನೂರು ಬ್ಲಾಕು ಹೆಚ್ಚುವರಿ ಕೇಳಿ ಪಾರ್ಕಿನ ಕೋಣೆಯಲ್ಲಿ ಇಟ್ಟುಕೊಳ್ಳಿ.

ದಪ್ಪ ನೋಡಿ ತೆಗೆದುಕೊಳ್ಳಿ. ಐಎಸ್ 15658 ಮಾನದಂಡದ ಪ್ರಕಾರ ಬರೀ ಕಾಲ್ನಡಿಗೆಗೆ 50 ಮಿಲಿಮೀಟರ್, ಹಗುರ ವಾಹನಕ್ಕೆ 60, ಮಧ್ಯಮ ವಾಹನ ಓಡಾಟಕ್ಕೆ 80. ನಮ್ಮ ಫುಟ್‌ಪಾತ್ ಮೇಲೆ ಗೇಟಿಗೆ ಹೋಗುವ ಕಾರು ಹಾಯುವುದರಿಂದ ಐವತ್ತನ್ನು ಮರೆತುಬಿಡಿ. ಉದ್ದಕ್ಕೂ 60, ಟ್ಯಾಂಕರೋ ಟೆಂಪೋವೋ ಹತ್ತುವ ಗೇಟಿನ ಮುಂದೆ 80.

ಬ್ಲಾಕು ಕುಸಿಯುವುದು ಬ್ಲಾಕಿನ ತಪ್ಪಿನಿಂದಲ್ಲ. ಕೆಳಗೆ ಮಣ್ಣು ಗಟ್ಟಿಯಾಗಿರಬೇಕು, ಮೇಲೆ ಜಲ್ಲಿ–ಡಸ್ಟಿನ ವೆಟ್ ಮಿಕ್ಸ್ ಪದರ ಕುಟ್ಟಿರಬೇಕು, ಅದರ ಮೇಲೆ ಒಂದು, ಒಂದೂವರೆ ಇಂಚು ಮರಳು ಅಷ್ಟೆ. ಗುತ್ತಿಗೆದಾರನು ಹಳ್ಳಕೊಳ್ಳವನ್ನೆಲ್ಲ ಎಂ–ಸ್ಯಾಂಡ್ ಸುರಿದು ಸಮ ಮಾಡುವುದನ್ನು ಕಂಡರೆ ಆಗಲೇ ನಿಲ್ಲಿಸಿ. ಆ ಮರಳು ಮಳೆಯಲ್ಲಿ ಚರಂಡಿಗೆ ಹರಿದು ಮೇಲೆ ತಟ್ಟೆಯಂತೆ ಗುಳಿ ಬೀಳುತ್ತದೆ. ನಮ್ಮ ಮೇಸ್ತ್ರಿ ಹೇಳಿದ್ದು: "ಅಕ್ಕಾ, ಕೆಳಗೆ ಗಟ್ಟಿ ಇಲ್ದಿದ್ರೆ ಮೇಲೆ ಬೆಳ್ಳಿ ಹಾಸಿದ್ರೂ ಅಷ್ಟೇಯ." ಎರಡೂ ಅಂಚಿಗೆ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂತಿರಬೇಕು. ಅಂಚಿನ ಹಿಡಿತ ಇಲ್ಲದ ಬ್ಲಾಕು ಆರು ತಿಂಗಳಲ್ಲಿ ಹಲ್ಲು ಸಂದು ಬಿಟ್ಟ ಹಾಗೆ ಸರಿಯುತ್ತದೆ.

*ಅಲ್ಲೇ ಹಾಕುವ ಕಾಂಕ್ರೀಟ್.* ನಾಲ್ಕು ಇಂಚು ದಪ್ಪ, ಮೇಲೆ ಪೊರಕೆ ಎಳೆದ ಗೀರು. ಸರಿಯಾಗಿ ಮಾಡಿದರೆ ಎಲ್ಲಕ್ಕಿಂತ ಬಾಳಿಕೆ, ನಡೆಯಲು ಎಲ್ಲಕ್ಕಿಂತ ಹಿತ, ಹುಲ್ಲು ಬೆಳೆಯುವುದಿಲ್ಲ. ಯುಜಿಡಿ, ನೀರಿನ ಪೈಪು ಎಲ್ಲ ಮುಗಿದು ಸೈಟುಗಳೆಲ್ಲ ತುಂಬಿದ ಹಳೆಯ ಬಡಾವಣೆಗೆ ನಾನು ಇದನ್ನೇ ಹೇಳುವುದು. ಆರು ಅಡಿಗೊಂದು ಸೀಳು ಬಿಡಬೇಕು, ಇಲ್ಲದಿದ್ದರೆ ಅದೇ ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಏಳು ದಿನವಾದರೂ ಗೋಣಿತಾಟು ಹಾಕಿ ನೀರುಣಿಸಬೇಕು. ಗುತ್ತಿಗೆದಾರ ಎರಡು ದಿನ ನೀರು ಹಾಕಿ ಹೋಗುತ್ತಾನೆ, ಮಿಕ್ಕ ಐದು ದಿನ ನಿಮ್ಮ ಮನೆ ಪೈಪು ನಿಮ್ಮ ಕೈಯಲ್ಲಿ. ಅರ್ಧ ಸೈಟು ಖಾಲಿ ಇರುವ ಹೊಸ ಬಡಾವಣೆಗೆ ಇದು ಬೇಡ. ಹಾಕಿಸಿದರೂ ನಾಲ್ಕೈದು ಮನೆಗೊಂದು ಕಡೆ ಅಡಿಯಲ್ಲಿ ಅಡ್ಡಲಾಗಿ ನಾಲ್ಕಿಂಚು ಪಿವಿಸಿ ಪೈಪು ಹೂತಿಡಿ, ಮುಂದೆ ಕೇಬಲ್ಲಿಗೋ ನೀರಿಗೋ ಒಡೆಯದೆ ತೂರಿಸಬಹುದು.

*ಗ್ರಾನೈಟ್ ಚಪ್ಪಡಿ.* ದುಬಾರಿ. ಮೇಲ್ಮೈ ಒರಟಾಗಿದ್ದರೆ ಮಾತ್ರ. ಮನೆಯ ಹಜಾರಕ್ಕೆ ಹಾಕುವ ಹೊಳೆಯುವ ಕಲ್ಲನ್ನು ಹೊರಗೆ ಹಾಕಿಸಿ ಹೆಮ್ಮೆಪಡುವವರಿದ್ದಾರೆ, ಮಳೆಗಾಲದಲ್ಲಿ ಅವರ ಮನೆ ಮುಂದೆ ನಾನು ರಸ್ತೆಗಿಳಿದು ನಡೆಯುತ್ತೇನೆ. ಬೇಲೂರು, ಹಳೇಬೀಡಿನ ಜಿಲ್ಲೆಯವರು ನಾವು ಅಂತ ಬಳಪದ ಕಲ್ಲಿನ ಮಾತೆತ್ತಿದವರೂ ಸಭೆಯಲ್ಲಿದ್ದರು. ಅದು ಉಳಿಗೆ ಸುಲಭವಾಗಿ ಬಗ್ಗುವ ಮೆತ್ತನೆಯ ಕಲ್ಲು, ಶಿಲಾಬಾಲಿಕೆಗೆ ಸರಿ, ನಮ್ಮ ಸ್ಕೂಟರಿಗಲ್ಲ.

*ಚೆಕ್ಕರ್ ಟೈಲ್ಸ್.* ಹೊಸದರಲ್ಲಿ ಚೆಂದ. ಕಾರು ಹತ್ತುವ ಕಡೆ ಒಡೆಯುತ್ತದೆ, ಒಡೆದರೆ ಅದೇ ಬಣ್ಣದ್ದು ಮತ್ತೆ ಸಿಗುವುದಿಲ್ಲ.

*ಮಣ್ಣಿನ ಅಂಚು.* ಇದನ್ನು ಕೀಳಾಗಿ ನೋಡಬೇಡಿ. ಬಡಾವಣೆ ಇನ್ನೂ ಕಟ್ಟುತ್ತಿದ್ದರೆ, ದಿನಾ ಜಲ್ಲಿ ಲಾರಿ ಬರುತ್ತಿದ್ದರೆ, ಏನು ಹಾಸಿದರೂ ಪುಡಿಯಾಗುತ್ತದೆ. ಮೂರು ನಾಲ್ಕು ವರ್ಷ ಗ್ರಾವೆಲ್ ಹಾಕಿ ರೋಲರು ಹೊಡೆಸಿ, ಅಂಚಿಗೆ ಕರ್ಬ್ ಕಲ್ಲು ಮಾತ್ರ ನೆಟ್ಟು ಆರು ಅಡಿ ಜಾಗ ಹಿಡಿದಿಟ್ಟುಕೊಳ್ಳುವುದು ಜಾಣತನ. ಕಾಂಗ್ರೆಸ್ ಗಿಡ ಏಳುತ್ತದೆ, ವರ್ಷಕ್ಕೆರಡು ಸಲ ಕೀಳಿಸಬೇಕು. ಜಾಗ ಒಂದು ಸಲ ಹೂದೋಟವಾದರೆ ಮತ್ತೆ ಬಿಡಿಸಿಕೊಳ್ಳುವುದು ಬ್ಲಾಕು ಹಾಸುವುದಕ್ಕಿಂತ ಕಷ್ಟ.

ಚಿಕ್ಕಮಗಳೂರಿನವರಿಗೆ ಒಂದು ಬೇರೆ ಮಾತು. ತಂಗಿಯ ಮನೆ ಬೀದಿಯಲ್ಲಿ ಮರದ ನೆರಳು ದಟ್ಟ, ಜುಲೈ ಆಗಸ್ಟಿನಲ್ಲಿ ನೆಲ ಒಣಗುವುದೇ ಇಲ್ಲ. ಬ್ಲಾಕಿನ ಸಂದಿನಲ್ಲಿ ಹಾವಸೆ ಹಸಿರು ಕಂಬಳಿಯಂತೆ ಹಬ್ಬಿರುತ್ತದೆ. ಅಲ್ಲಿ ನಾನಾದರೆ ಪೊರಕೆ ಗೀರಿನ ಕಾಂಕ್ರೀಟೇ ಆರಿಸುತ್ತೇನೆ. ನೀರು ನಿಲ್ಲದ ಹಾಗೆ ರಸ್ತೆ ಕಡೆಗೆ ಓರೆ ಇರಬೇಕು, ಆರು ಅಡಿ ಅಗಲಕ್ಕೆ ಒಂದೂವರೆ ಇಂಚು. ಇದಕ್ಕಿಂತ ಜಾಸ್ತಿ ಓರೆಯಾದರೆ ನಡೆಯುವವರ ಸೊಂಟ ಹಿಡಿಯುತ್ತದೆ.

ಫುಟ್‌ಪಾತೇ ಬೇಡವಾದ ರಸ್ತೆ

ಇಪ್ಪತ್ತಡಿ ರಸ್ತೆಗೆ ಫುಟ್‌ಪಾತ್ ಕೇಳಬೇಡಿ. ಹಳೆಯ ಪೇಟೆ ಬೀದಿಗಳಲ್ಲಿ, ಸಂತೆಪೇಟೆ ಕಡೆಯ ಒಳದಾರಿಗಳಂಥ ಕಡೆ, ಆರು ಅಡಿ ಕೊಡಲು ಜಾಗವೇ ಇಲ್ಲ. ಅಲ್ಲಿ ಇಡೀ ರಸ್ತೆಯೇ ನಡೆಯುವವರದು, ವಾಹನ ಅವರ ಹಿಂದೆ ಬರಬೇಕು ಅನ್ನುವ ಹಾಗೆ ಮಾಡುವುದು ಮೇಲು. ಎರಡೂ ತುದಿಯಲ್ಲಿ ಅಗಲವಾದ ಚಪ್ಪಟೆ ಹಂಪು, ಇಡೀ ಅಗಲಕ್ಕೂ ಒಂದೇ ಮಟ್ಟದ ಕಾಂಕ್ರೀಟು, ಮುಚ್ಚಿದ ಚರಂಡಿ, ಒಂದೇ ಬದಿ ಪಾರ್ಕಿಂಗು. ಬಿಳಿ ಬಣ್ಣದ ಗೆರೆ ಬಳಿದು ಇದು ನಡೆಯುವವರಿಗೆ ಅನ್ನುವುದನ್ನೂ ಕೆಲವರು ಸೂಚಿಸುತ್ತಾರೆ. ನಮ್ಮೂರಲ್ಲಿ ಆ ಗೆರೆ ಸರಿಯಾಗಿ ಸ್ಕೂಟರು ನಿಲ್ಲಿಸಲು ಅಳತೆ ಆಗುತ್ತದೆ, ಅಷ್ಟೆ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆ ನೋಡಿ ಬಂದವರು. ಪೈಪು, ಕೇಬಲ್ಲು ಎಲ್ಲ ಫುಟ್‌ಪಾತಿನ ಕೆಳಗೆ, ಮೇಲೆ ಅಗಲವಾದ ಹಾಸು. ನೋಡಲು ಕಣ್ಣು ತುಂಬುತ್ತದೆ ನಿಜ. ಅದು ನಗರದ ನಡುವಿನ ದೊಡ್ಡ ರಸ್ತೆಗಳಿಗೆ ಮಾಡಿದ್ದು. ಬಿ.ಎಂ. ರಸ್ತೆಗೆ ಕೇಳಿ, ಮೂವತ್ತಡಿ ಕ್ರಾಸಿಗೆ ಕೇಳಿದರೆ ಕಡತ ಮೇಜಿನಿಂದ ಏಳುವುದಿಲ್ಲ.

ಮರ, ಕಂಬ, ಕಾಲ

ಇರುವ ಮರ ಕಡಿಯಬೇಡಿ, ಬುಡಕ್ಕೆ ಮೂರಡಿ ಚೌಕ ಮಣ್ಣು ಬಿಟ್ಟು ಹಾಸಿ. ಕುತ್ತಿಗೆವರೆಗೆ ಸಿಮೆಂಟು ಹಾಕಿದರೆ ಮರ ಬೇರು ಎಬ್ಬಿಸಿ ಸೇಡು ತೀರಿಸಿಕೊಳ್ಳುತ್ತದೆ. ಹೊಸದಾಗಿ ನೆಡುವುದಾದರೆ ಹೊಂಗೆ ಒಳ್ಳೆಯದು. ಕಂಬ, ಮರ, ಕಸದ ಡಬ್ಬಿ ಎಲ್ಲ ಕರ್ಬಿನ ಅಂಚಿಗೆ ಒಂದೇ ಸಾಲಿನಲ್ಲಿರಲಿ. ಎದ್ದುನಿಂತ ಯುಜಿಡಿ ಚೇಂಬರಿನ ಮುಚ್ಚಳವನ್ನು ಫುಟ್‌ಪಾತ್ ಮಟ್ಟಕ್ಕೆ ತರುವ ಕೆಲಸ ಎಸ್ಟಿಮೇಟಿನಲ್ಲೇ ಬರೆಸಿ. ಆಮೇಲೆ ನೋಡೋಣ ಅಂದದ್ದು ಆಮೇಲೆ ಆಗುವುದಿಲ್ಲ.

ಕೆಲಸಕ್ಕೆ ಜನವರಿಯಿಂದ ಮಾರ್ಚಿನವರೆಗಿನ ಕಾಲ ಸರಿ. ಏಪ್ರಿಲ್ ಮೇ ಮಳೆ ಯಾವಾಗ ಬೀಳುತ್ತದೋ ಗೊತ್ತಿಲ್ಲ, ಜೂನಿನಿಂದ ನೆಲ ಹಸಿ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಂತೂ ಕಚೇರಿಯವರೆಲ್ಲ ಆ ಗಡಿಬಿಡಿಯಲ್ಲಿರುತ್ತಾರೆ, ಅತ್ತ ಹೋಗಿ ಪ್ರಯೋಜನವಿಲ್ಲ. ಮಾರ್ಚಿನಲ್ಲಿ ಇನ್ನೊಂದು ಅಪಾಯ ಇದೆ, ಆರ್ಥಿಕ ವರ್ಷ ಮುಗಿಯುತ್ತದೆ ಅಂತ ಮೂರು ವಾರದ ಕೆಲಸವನ್ನು ಆರು ದಿನದಲ್ಲಿ ಮುಗಿಸುತ್ತಾರೆ.

ಕೇಳುವಾಗ ಏನು ಹಿಡಿದುಕೊಂಡು ಹೋಗಬೇಕು

ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದೋ ಖಾಸಗಿಯದೋ, ರಸ್ತೆಗಳು ಪಾಲಿಕೆಗೆ ಹಸ್ತಾಂತರವಾಗಿವೆಯೋ ಇಲ್ಲವೋ ಮೊದಲು ನೋಡಿ. ಆಗಿರದಿದ್ದರೆ ಪಾಲಿಕೆ ಒಂದು ಕಲ್ಲೂ ಹಾಕಲಾರದು, ಲೇಔಟ್ ಮಾಡಿದವರ ಹತ್ತಿರವೇ ಹಸ್ತಾಂತರಕ್ಕೆ ಮುಂಚೆ ಮಾಡಿಸಿಕೊಳ್ಳಬೇಕು. ಆಗಿದ್ದರೆ ಸುಣ್ಣದ ಗೆರೆಯ ಪಟ್ಟಿ, ಗೇಟುಗಳ ಅಳತೆ, ಇಳಿಜಾರು ಒಳಗೆಳೆದುಕೊಳ್ಳಲು ಒಪ್ಪಿದವರ ಸಹಿ, ಈ ಮೂರು ಕಾಗದದ ಜೊತೆ ಅರ್ಜಿ ಕೊಡಿ. ಸಹಿ ಇದ್ದ ಅರ್ಜಿಗೆ ಎಂಜಿನಿಯರ ಮುಖದಲ್ಲಿ ಬರುವ ಕಳೆಯೇ ಬೇರೆ, ಜಗಳ ಬಿಡಿಸುವ ಕೆಲಸ ಅವರಿಗೆ ತಪ್ಪಿತಲ್ಲ. ಫುಟ್‌ಪಾತ್ ಅಂದರೆ ಐಷಾರಾಮ ಅನ್ನುವವರು ಸಿಕ್ಕರೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡೆತಡೆಯಿಲ್ಲದ, ಅಂಗವಿಕಲರಿಗೂ ಬಳಸಲಾಗುವ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದದ್ದನ್ನು ಮೆಲ್ಲಗೆ ನೆನಪಿಸಿ. ಜೋರಾಗಿ ಬೇಡ, ಕೆಲಸ ಆಗಬೇಕು.

ಎಸ್ಟಿಮೇಟಿನಲ್ಲಿ ಬ್ಲಾಕು 60 ಮಿಲಿಮೀಟರೋ, ಕೆಳಪದರ ಎಷ್ಟು ದಪ್ಪ, ಕರ್ಬ್ ಎತ್ತರ ಎಷ್ಟು, ಗೇಟಿನ ಮುಂದಿನ ಓರೆ ಕಲ್ಲು ಇದೆಯೋ, ಈ ನಾಲ್ಕನ್ನು ಓದಿ ನೋಡಿ. ಇಡೀ ರಸ್ತೆ ಒಂದೇ ಸಲ ಬೇಡ ಅನ್ನಿಸಿದರೆ ಮೂವತ್ತು ಮೀಟರ್ ಮಾದರಿ ಕೇಳಿ. ನಾವು ಹಾಗೇ ಕೇಳಿದೆವು. ಹಾಲಿನ ಬೂತಿನ ಮೂಲೆಯಿಂದ ಮೂರು ಮನೆ ಮುಂದೆ ಬ್ಲಾಕು ಹಾಸಿ ಎರಡು ತಿಂಗಳಾಯಿತು. ಕರ್ಬ್ ನಾಲ್ಕು ಇಂಚು ಅಂತ ಬರೆದದ್ದು ಒಂದು ಕಡೆ ಆರು ಬಂದಿತ್ತು, ಕಿತ್ತು ಮತ್ತೆ ಕೂರಿಸಿದರು. ಎರಡನೇ ಮನೆಯವರು ಇಳಿಜಾರು ಇನ್ನೂ ಒಡೆದಿಲ್ಲ, ಮಗಳ ಮದುವೆ ಮುಗಿಯಲಿ ಅಂತಾರೆ. ಅಜ್ಜಿ ಮೂಲೆಯಿಂದ ಮೊದಲನೇ ಮನೆ ತನಕ ಮೇಲೆ ಬರುತ್ತಾರೆ, ಎರಡನೇ ಮನೆ ಮುಂದೆ ಕೋಲೂರಿ ರಸ್ತೆಗಿಳಿಯುತ್ತಾರೆ, ಮೂರನೇ ಮನೆ ಮುಂದೆ ಮತ್ತೆ ಹತ್ತುವುದಿಲ್ಲ.